ಫಾರ್ಮ್ಯಾಟ್ ಒತ್ತುವ ಮುನ್ನ: ಮನೆಯ ಗೇಮಿಂಗ್ ಕಂಪ್ಯೂಟರಿನ ಡೇಟಾ ಉಳಿಸಿಕೊಳ್ಳುವ ಸೂತ್ರಗಳು

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮನೆಗೆ ಕಂಪ್ಯೂಟರ್ ಬರುವುದು ಸಾಮಾನ್ಯವಾಗಿ ಓದಿನ ಹೆಸರಿನಲ್ಲಿ. ಆಮೇಲೆ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಸೇರುತ್ತದೆ, ಇನ್ನೊಂದು ವರ್ಷಕ್ಕೆ ಎಸ್‌ಎಸ್‌ಡಿ ಬರುತ್ತದೆ, ಅದು ಗೇಮಿಂಗ್ ಕಂಪ್ಯೂಟರ್ ಅನ್ನಿಸಿಕೊಳ್ಳುತ್ತದೆ. ಆದರೆ ಅದರ ಹೊಟ್ಟೆಯಲ್ಲಿ ಬರೀ ಗೇಮುಗಳಿರುವುದಿಲ್ಲ. ಅಕ್ಕನ ಮದುವೆಯ ಫೋಟೊ, ಅಪ್ಪನ ಅಂಗಡಿ ಲೆಕ್ಕ, ತಂಗಿಯ ಡಿಪ್ಲೊಮಾ ಪ್ರಾಜೆಕ್ಟು, ತೀರಿಕೊಂಡ ಅಜ್ಜಿಯ ದನಿಯಿರುವ ಒಂದೇ ಒಂದು ವಿಡಿಯೊ, ಎಲ್ಲವೂ ಅದೇ ಡಿ ಡ್ರೈವಿನಲ್ಲಿರುತ್ತವೆ. ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಆ ಡ್ರೈವೇ ಕಾಣದಿದ್ದರೆ ಗೇಮ್ ಆಡುವ ಹುಡುಗನಿಗಿಂತ ಹೆಚ್ಚು ಕಳೆದುಕೊಳ್ಳುವವರು ಮನೆಯ ಉಳಿದವರು.

ನಾನು ಖಚಿತವಾಗಿ ನಂಬಿರುವುದು ಇಷ್ಟು: ಡಿಸ್ಕು ತಾನಾಗಿ ಕೆಟ್ಟು ಹಾಳುಮಾಡುವುದಕ್ಕಿಂತ ಹೆಚ್ಚನ್ನು ಗಾಬರಿಯ ರಿಪೇರಿ ಹಾಳುಮಾಡುತ್ತದೆ. ಮೊದಲ ಒಂದು ಗಂಟೆ ಏನು ಮಾಡುತ್ತೀರಿ, ಮುಖ್ಯವಾಗಿ ಏನು ಮಾಡದೆ ಬಿಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

1. ಮೊದಲು ಮೌಸ್‌ನಿಂದ ಕೈ ತೆಗೆಯಿರಿ

ಡೌನ್‌ಲೋಡು, ಹೊಸ ಸಾಫ್ಟ್‌ವೇರು, ಹುಡುಕಾಟ ಎಲ್ಲವನ್ನೂ ನಿಲ್ಲಿಸಿ. ಫೈಲು ಡಿಲೀಟ್ ಆದಾಗ ವಿಂಡೋಸ್ ತೆಗೆದುಹಾಕುವುದು ಅದರ ದಾಖಲೆಯನ್ನಷ್ಟೇ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲ ಮಾಯವಾಗುವುದಿಲ್ಲವಲ್ಲ, ಹಾಗೆ. ಬೇರೆಯವರು ಬಂದು ಉಳುವವರೆಗೆ ಹಳೆಯ ಸಾಲುಗಳು ಅಲ್ಲೇ ಇರುತ್ತವೆ. ನೀವು ಆಮೇಲೆ ಇಳಿಸಿಕೊಳ್ಳುವ ಪ್ರತಿ ಫೈಲೂ, ನಿಮಗೆ ಗೊತ್ತಿಲ್ಲದೆ ಓಡುವ ಗೇಮಿನ ಅಪ್‌ಡೇಟೂ ಆ ಹೊಲವನ್ನು ಉಳುತ್ತದೆ. ಇಂಟರ್‌ನೆಟ್ ಕೇಬಲ್ ಕೀಳಿ, ಸ್ಟೀಮ್, ಎಪಿಕ್ ಮುಂತಾದ ಲಾಂಚರುಗಳನ್ನು ಮುಚ್ಚಿ, ಕಂಪ್ಯೂಟರ್ ಆಫ್ ಮಾಡಿ.

ಎಸ್‌ಎಸ್‌ಡಿಯ ಕತೆ ಬೇರೆ, ಅದು ಕಹಿ ಕತೆ. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಚೆಗೆ, ಫೈಲು ಅಳಿದ ಕೂಡಲೇ ಟ್ರಿಮ್ ಎಂಬ ಆಜ್ಞೆ ಎಸ್‌ಎಸ್‌ಡಿಗೆ ಹೋಗುತ್ತದೆ. "ಈ ಜಾಗ ಇನ್ನು ಖಾಲಿ" ಎಂದು ಗೊತ್ತಾದ ಮೇಲೆ ಎಸ್‌ಎಸ್‌ಡಿ ಬಿಡುವಿದ್ದಾಗ ತಾನೇ ಅದನ್ನು ಒರೆಸಿಹಾಕುತ್ತದೆ. ಹಾಗಾಗಿ ಎಸ್‌ಎಸ್‌ಡಿಯಿಂದ ಪೂರ್ತಿ ಡಿಲೀಟ್ ಆದ ಫೈಲು ಸಿಗುವ ಆಸೆ ಬಹಳ ಕಡಿಮೆ, ತಡಮಾಡಿದಷ್ಟೂ ಇನ್ನೂ ಕಡಿಮೆ. ರಿಸೈಕಲ್ ಬಿನ್‌ನಲ್ಲಿ ಕೂತಿರುವ ಫೈಲಿಗೆ ಈ ಭಯವಿಲ್ಲ. ಆಫ್ ಮಾಡುವ ಮುನ್ನ ಅಲ್ಲೊಮ್ಮೆ ನೋಡಿ.

2. ಏನು ಹೋಗಿದೆ ಎಂದು ಕಾಗದದ ಮೇಲೆ ಬರೆಯಿರಿ

ಎರಡು ಪಟ್ಟಿ ಮಾಡಿ. ಮತ್ತೆ ಸಿಗುವುದು ಒಂದು ಕಡೆ, ಎಂದೂ ಸಿಗದಿರುವುದು ಇನ್ನೊಂದು ಕಡೆ. 100 ಜಿಬಿಯ ಗೇಮು ಮೊದಲ ಪಟ್ಟಿಗೆ ಸೇರಿದ್ದು, ಖಾತೆ ಇದ್ದರೆ ಮತ್ತೆ ಇಳಿಸಿಕೊಳ್ಳಬಹುದು. ಅಂಕಪಟ್ಟಿ, ಆಧಾರ್ ಡಿಜಿಲಾಕರ್‌ನಲ್ಲಿ ಸಿಗುತ್ತವೆ, ಪಹಣಿ ಸರ್ಕಾರದ ಭೂಮಿ ಜಾಲತಾಣದಲ್ಲಿ ಸಿಗುತ್ತದೆ. ಫೋಟೊ, ವಿಡಿಯೊ, ಪ್ರಾಜೆಕ್ಟು, ಲೆಕ್ಕದ ಶೀಟು, ಗೇಮಿನ ಸೇವ್ ಫೈಲು, ಇವು ಎರಡನೆಯ ಪಟ್ಟಿ. ನಿಮ್ಮ ಸಮಯ ಮತ್ತು ಹಣ ಖರ್ಚಾಗಬೇಕಾದದ್ದು ಎರಡನೆಯ ಪಟ್ಟಿಗೆ ಮಾತ್ರ.

ಪರದೆಯ ಮೇಲೆ ಬಂದ ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. "ಏನೋ ಇಂಗ್ಲಿಷಿನಲ್ಲಿ ಬಂತು" ಎಂದರೆ ಯಾರೂ ಸಹಾಯ ಮಾಡಲಾರರು.

3. ಹೋಗಿಯೇ ಇಲ್ಲದಿರಬಹುದು

ಡೆಸ್ಕ್‌ಟಾಪ್ ಬೋಳಾಗಿದೆ, ವಾಲ್‌ಪೇಪರ್ ಬದಲಾಗಿದೆ, ಆದರೆ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ ಎಂದಾದರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಪ್ರೊಫೈಲಿನಲ್ಲಿ ಒಳಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು. 2020ರ ಫೆಬ್ರುವರಿಯ ಒಂದು ಅಪ್‌ಡೇಟಿನಿಂದ ಅನೇಕರಿಗೆ ಹೀಗೆಯೇ ಆಗಿತ್ತು. ಒಂದೆರಡು ಸಲ ರೀಸ್ಟಾರ್ಟ್ ಮಾಡಿ. ಸರಿಯಾಗದಿದ್ದರೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್ ತೆರೆದು ನಿಮ್ಮ ಹಳೆಯ ಹೆಸರಿನ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಎಲ್ಲವೂ ಅಲ್ಲೇ ಇರುತ್ತದೆ. ತಾತ್ಕಾಲಿಕ ಪ್ರೊಫೈಲಿನಲ್ಲಿ ಕೂತು ಹೊಸದೇನನ್ನೂ ಸೇವ್ ಮಾಡಬೇಡಿ, ಹೊರಬಂದ ಕೂಡಲೇ ಅದು ಅಳಿಯುತ್ತದೆ.

ಇನ್ನೊಂದು ಒನ್‌ಡ್ರೈವ್ ತರುವ ಗೊಂದಲ. ಬ್ಯಾಕಪ್‌ಗೆ ಹೂಂ ಎಂದ ಮೇಲೆ ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮುಂದೊಂದು ದಿನ ಬೇಡವೆಂದು ನಿಲ್ಲಿಸಿದರೆ ಹಳೆಯ ಜಾಗ ಖಾಲಿ ಕಾಣುತ್ತದೆ. ಫೈಲುಗಳು ಒನ್‌ಡ್ರೈವ್ ಫೋಲ್ಡರಿನಲ್ಲೋ ಅದರ ಜಾಲತಾಣದ ರಿಸೈಕಲ್ ಬಿನ್‌ನಲ್ಲೋ ಇರುತ್ತವೆ.

ನಿಜವಾಗಿಯೂ ಅಪ್‌ಡೇಟ್ ಫೈಲುಗಳನ್ನು ನುಂಗಿದ್ದೂ ಉಂಟು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆ ನಿಲ್ಲಿಸಿ, ನವೆಂಬರಿನಲ್ಲಿ ಸರಿಪಡಿಸಿ ಮತ್ತೆ ಬಿಡಬೇಕಾಯಿತು. ದೊಡ್ಡ ಅಪ್‌ಡೇಟಿಗೆ ಮುಂಚೆ ನಕಲು ತೆಗೆದಿಡಿ ಎಂದು ಹೇಳುವುದು ಅದಕ್ಕೇ.

4. ಡ್ರೈವ್ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ, ಫಾರ್ಮ್ಯಾಟ್ ಒತ್ತಬೇಡಿ

ವಿಂಡೋಸ್ ಗುಂಡಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಇದೆ. ಡಿಸ್ಕು ಅಲ್ಲಿ ಕಂಡು, ಅದಕ್ಕೆ ಅಕ್ಷರ ಮಾತ್ರ ಇಲ್ಲದಿದ್ದರೆ ಹಳೆಯ ಅಕ್ಷರವನ್ನೇ ಕೊಡಿ, ಎಲ್ಲವೂ ಮರಳುತ್ತದೆ. ಡಿ ಡ್ರೈವ್ ಇದ್ದದ್ದು ಇ ಆಗಿದ್ದರೂ ಗೇಮುಗಳೆಲ್ಲ ಇನ್‌ಸ್ಟಾಲೇ ಆಗಿಲ್ಲವೆಂದು ಲಾಂಚರು ತೋರಿಸುತ್ತದೆ. ಡ್ರೈವ್ "ರಾ" ಎಂದು ತೋರಿಸಿದರೆ, ಇಲ್ಲವೇ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು ಎಂಬ ಪ್ರಶ್ನೆ ಬಂದರೆ, ಉತ್ತರ ಒಂದೇ: ಕ್ಯಾನ್ಸಲ್. ಇನಿಶಿಯಲೈಸ್ ಡಿಸ್ಕ್ ಎಂದು ಕೇಳಿದರೂ ಕ್ಯಾನ್ಸಲ್. ಅಂಥ ಡಿಸ್ಕಿನಲ್ಲಿ ಫೈಲುಗಳು ಇನ್ನೂ ಇರುವುದೇ ಹೆಚ್ಚು. ಹಾಳಾಗಿರುವುದು ಅವುಗಳ ಸೂಚಿ.

5. ಸಿಪಿಯು ಡಬ್ಬ ತೆರೆದು ಕೇಬಲ್ ನೋಡಿ

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಚಾರ್ಜು ಹೋದ ಮೇಲೆ ಕೈ ಹಾಕಿ. ಸಾಟಾ ಕೇಬಲ್ಲಿನ ಎರಡೂ ತುದಿ ತೆಗೆದು ಹಾಕಿ. ಬೇಸಿಗೆಯಲ್ಲಿ ನಮ್ಮ ಕಡೆಯ ಕೆಂಪು ಧೂಳು ಫ್ಯಾನಿನ ಮೂಲಕ ನುಗ್ಗಿ ಎಲ್ಲೆಡೆ ಕೂರುತ್ತದೆ. ಅದನ್ನು ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ, ಒದ್ದೆ ಬಟ್ಟೆ ಬೇಡ.

ಗಡಿಯಾರ ಹಳೆಯ ಯಾವುದೋ ವರ್ಷ ತೋರಿಸುತ್ತಿದೆಯೇ? ಹಾಗಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಮುಗಿದಿದೆ. ಅದು ಮುಗಿದಾಗ ಬಯಾಸ್ ಸೆಟ್ಟಿಂಗುಗಳು ಮೊದಲಿನ ಸ್ಥಿತಿಗೆ ಹೋಗಿ, ಸಾಟಾ ಮೋಡ್ ಬದಲಾಗಿ, ಒಳ್ಳೆಯ ಡಿಸ್ಕೂ ಕಾಣದೆ ಹೋಗಬಹುದು. ಕೆಲವೇ ರೂಪಾಯಿಯ ಬ್ಯಾಟರಿಯಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಡಿಸ್ಕು ಕೊಳ್ಳಬೇಡಿ.

ಕರೆಂಟು ಹಠಾತ್ತನೆ ಹೋದಾಗ ಕಾಣದಾದ ಸಾಟಾ ಎಸ್‌ಎಸ್‌ಡಿಗೆ ಕ್ರೂಶಿಯಲ್ ಕಂಪನಿಯೇ ಹೇಳಿರುವ ಒಂದು ಉಪಾಯವಿದೆ: ಡೇಟಾ ಕೇಬಲ್ ತೆಗೆದು, ಪವರ್ ಕೇಬಲ್ ಮಾತ್ರ ಕೊಟ್ಟು ಸುಮಾರು 20 ನಿಮಿಷ ಹಾಗೇ ಬಿಡುವುದು, ಆಮೇಲೆ ಪವರ್ ತೆಗೆದು ಸ್ವಲ್ಪ ಹೊತ್ತು ಕಾದು ಅದನ್ನೇ ಮತ್ತೊಮ್ಮೆ ಮಾಡುವುದು. ಎಸ್‌ಎಸ್‌ಡಿ ಯಾವ ಡೇಟಾ ಎಲ್ಲಿದೆ ಎಂಬ ತನ್ನೊಳಗಿನ ಕೋಷ್ಟಕವನ್ನು ತಾನೇ ಸರಿಪಡಿಸಿಕೊಳ್ಳಲು ಇದು ಅವಕಾಶ ಕೊಡುತ್ತದೆ. ಎಲ್ಲ ಸಲವೂ ಫಲಿಸುವುದಿಲ್ಲ, ಆದರೆ ಇದರಿಂದ ನಷ್ಟವೂ ಇಲ್ಲ.

6. ಟಕ್ ಟಕ್ ಶಬ್ದ ಬಂದರೆ ಅಲ್ಲಿಗೇ ನಿಲ್ಲಿಸಿ

ಹಳೆಯ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ಹೆಡ್ ತೇಲುತ್ತದೆ. ಲಯಬದ್ಧವಾದ ಟಕ್ ಟಕ್ ಎಂದರೆ ಹೆಡ್ ದಾರಿ ಕಾಣದೆ ಒದ್ದಾಡುತ್ತಿದೆ ಎಂದರ್ಥ. ಮತ್ತೆ ಮತ್ತೆ ಆನ್ ಮಾಡಿದರೆ ತಟ್ಟೆ ಗೀಚಿಹೋಗಿ ಫೋಟೊಗಳು ಶಾಶ್ವತವಾಗಿ ಹೋಗುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ, ಒಳಗೆ ತೇವ ಕೂರುತ್ತದೆ. ಮುಚ್ಚಳವನ್ನು ಮನೆಯಲ್ಲಿ ಬಿಚ್ಚಲೇಬಾರದು.

7. ಡಿಸ್ಕಿನ ಆರೋಗ್ಯ ನೋಡದೆ ಚೆಕ್‌ಡಿಸ್ಕ್ ಓಡಿಸಬೇಡಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಜಪಾನಿನ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಿಂದ ಓಡಿಸಿ. ನೀಲಿ ಇದ್ದರೆ ಸಮಾಧಾನ. ಹಳದಿಯೋ ಕೆಂಪೋ ಆಗಿದ್ದರೆ, ಅದರಲ್ಲೂ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರುಗಳ ಸಾಲು ಏರುತ್ತಿದ್ದರೆ, ಡಿಸ್ಕು ಸಾಯುತ್ತಿದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸುವುದು ಕೆಟ್ಟ ಸಲಹೆ, ಆದರೂ ಎಲ್ಲರೂ ಮೊದಲು ಹೇಳುವುದು ಅದನ್ನೇ. ಅದರ ಗುರಿ ಫೈಲ್ ವ್ಯವಸ್ಥೆಯನ್ನು ಸರಿಮಾಡುವುದು, ನಿಮ್ಮ ಫೈಲುಗಳನ್ನು ಕಾಪಾಡುವುದು ಅದರ ಕೆಲಸವಲ್ಲ. ಕೊನೆಗೆ ಮದುವೆಯ ಫೋಟೊ ಇದ್ದ ಕಡೆ ಹೆಸರಿಲ್ಲದ ತುಂಡು ಫೈಲುಗಳು ಉಳಿದಾವು. ಮೊದಲು ನಕಲು, ಆಮೇಲೆ ರಿಪೇರಿ.

8. ಮರಳಿ ಪಡೆದದ್ದನ್ನು ಬೇರೆ ಡಿಸ್ಕಿಗೆ ಇಳಿಸಿ

ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಕಳೆದುಹೋದ ಪಾರ್ಟಿಶನ್ ಹುಡುಕಲು ಮೊದಲನೆಯದು, ಫೋಟೊ, ವಿಡಿಯೊ ಹೆಕ್ಕಲು ಎರಡನೆಯದು. ಫೋಟೊರೆಕ್ ಹಳೆಯ ಫೈಲ್ ಹೆಸರುಗಳನ್ನು ಉಳಿಸುವುದಿಲ್ಲ, ಆಮೇಲೆ ವಿಂಗಡಿಸಲು ತಾಳ್ಮೆ ಬೇಕು. ಮೈಕ್ರೋಸಾಫ್ಟ್ ಕೂಡ 2020ರಿಂದ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಉಚಿತವಾಗಿ ಕೊಡುತ್ತಿದೆ. ಫೈಲು ಕಳೆದುಕೊಂಡ ಡಿಸ್ಕಿನ ಮೇಲೇ ಇವನ್ನು ಇನ್‌ಸ್ಟಾಲ್ ಮಾಡಿದರೆ, ಹುಡುಕುತ್ತಿರುವುದರ ಮೇಲೆ ನೀವೇ ಬರೆದಂತಾಗುತ್ತದೆ. ಡಿಸ್ಕನ್ನು ತೆಗೆದು ಸ್ನೇಹಿತರ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸುವುದು ಎಲ್ಲಕ್ಕಿಂತ ಸುರಕ್ಷಿತ.

9. ಬಿಟ್‌ಲಾಕರ್ ಕೀ ಯಾರ ಹೆಸರಿನಲ್ಲಿದೆ?

2024ರ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ವಿಂಡೋಸ್ ಹಾಕಿದಾಗ ಡಿಸ್ಕಿಗೆ ತಾನಾಗಿಯೇ ಬಿಟ್‌ಲಾಕರ್ ಬೀಗ ಬೀಳುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದರೋ ಮದರ್‌ಬೋರ್ಡ್ ಬದಲಿಸಿದರೋ ಅದು 48 ಅಂಕಿಯ ಕೀ ಕೇಳುತ್ತದೆ. ಆ ಕೀ ಸೇರಿರುವುದು ವಿಂಡೋಸ್ ಹಾಕುವಾಗ ಕೊಟ್ಟ ಖಾತೆಗೆ. ಅಂಗಡಿಯಲ್ಲಿ ಅವಸರಕ್ಕೆ ಯಾರದ್ದೋ ಇಮೇಲ್ ಕೊಟ್ಟು ಮುಗಿಸಿದ್ದರೆ, ಅಥವಾ ನೀವೇ ಅಂದು ಮಾಡಿಸಿದ ಖಾತೆಯ ಪಾಸ್‌ವರ್ಡ್ ಮರೆತು ಆ ಖಾತೆಯನ್ನು ಮರಳಿ ಪಡೆಯಲೂ ಆಗದಿದ್ದರೆ, ಯಾವ ತಜ್ಞನೂ ಅದನ್ನು ತೆರೆಯಲಾರ. ಕಂಪ್ಯೂಟರ್ ಚೆನ್ನಾಗಿರುವಾಗಲೇ ನಿಮ್ಮ ಖಾತೆಗೆ ಹೋಗಿ ಆ ಅಂಕಿಗಳನ್ನು ಕಾಗದಕ್ಕೆ ಇಳಿಸಿ, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ.

10. ಗೇಮಿನ ಸೇವ್ ಎಲ್ಲಿದೆ ಎಂದು ಮೊದಲೇ ತಿಳಿದಿರಿ

ವ್ಯಾಲೊರಂಟ್‌ನಂಥ ಆನ್‌ಲೈನ್ ಗೇಮಿನ ಸಾಧನೆ ಕಂಪನಿಯ ಸರ್ವರಿನಲ್ಲಿರುತ್ತದೆ. ಖಾತೆ ಉಳಿದರೆ ಅದೂ ಉಳಿಯಿತು. ಒಬ್ಬರೇ ಆಡುವ ಗೇಮುಗಳ ಸೇವ್ ಮಾತ್ರ ನಿಮ್ಮ ಡಿಸ್ಕಿನಲ್ಲೇ ಇರುತ್ತದೆ: ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಸೇವ್ಡ್ ಗೇಮ್ಸ್, ಅಡಗಿರುವ ಆಪ್‌ಡೇಟಾ ಫೋಲ್ಡರುಗಳಲ್ಲಿ. ಮೈನ್‌ಕ್ರಾಫ್ಟ್ ಜಾವಾದಲ್ಲಿ ಕಟ್ಟಿದ ಊರುಗಳೆಲ್ಲ ಆಪ್‌ಡೇಟಾದ ರೋಮಿಂಗ್ ಒಳಗಿರುವ ಅದರ ಸೇವ್ಸ್ ಫೋಲ್ಡರಿನಲ್ಲಿರುತ್ತವೆ. ತಿಂಗಳುಗಟ್ಟಲೆ ಕೂತು ಮಗು ಕಟ್ಟಿದ ಊರು ಅದು; "ಬರೀ ಗೇಮು ತಾನೆ" ಎನ್ನದೆ ಅದನ್ನೂ ಫೋಟೊಗಳ ಜೊತೆ ನಕಲು ಮಾಡಿ.

ಸ್ಟೀಮ್ ಕ್ಲೌಡ್ ಎಲ್ಲ ಗೇಮಿಗೂ ಇಲ್ಲ. ಇದ್ದಾಗಲೂ, ಕ್ಲೌಡ್ ಪ್ರತಿ ಮತ್ತು ಕಂಪ್ಯೂಟರಿನ ಪ್ರತಿ ಬೇರೆಯಾಗಿವೆ, ಯಾವುದು ಬೇಕು ಎಂದು ಕೇಳಿದಾಗ ಎರಡರ ದಿನಾಂಕ ಓದಿ ಆಮೇಲೆ ಒತ್ತಿ. ಅವಸರದಲ್ಲಿ ಖಾಲಿ ಪ್ರತಿಯನ್ನು ಆರಿಸಿದರೆ ಒಳ್ಳೆಯದರ ಮೇಲೆ ಅದೇ ಬರೆದುಕೊಳ್ಳುತ್ತದೆ.

11. ಕ್ರ್ಯಾಕ್ ಗೇಮು ಬೇಡ

ಎಲ್ಲ ಫೈಲುಗಳ ಹೆಸರಿನ ಕೊನೆಗೆ ಅಪರಿಚಿತ ಬಾಲ ಅಂಟಿ, ಹಣ ಕೇಳುವ ಪತ್ರವೊಂದು ಕಂಡರೆ ಅದು ರ‍್ಯಾನ್ಸಮ್‌ವೇರ್. ಮನೆಯ ಕಂಪ್ಯೂಟರುಗಳನ್ನು ಬಹಳವಾಗಿ ಕಾಡಿದ ಸ್ಟಾಪ್ ಜೆವು ಎಂಬ ಬಗೆ ಹರಡಿದ್ದೇ ಕ್ರ್ಯಾಕು, ಕೀಜೆನ್‌ಗಳ ಮೂಲಕ. ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಎಂದು ಹೇಳುವ ಯಾವುದೇ ಗೇಮೂ ಮನೆಯ ಬಾಗಿಲು ತೆಗೆಸುತ್ತಿದೆ. ರ‍್ಯಾನ್ಸಮ್‌ವೇರ್ ಬಂದರೆ ಇಂಟರ್‌ನೆಟ್ ಕೀಳಿ, ಪೆನ್‌ಡ್ರೈವ್ ಮತ್ತು ಬ್ಯಾಕಪ್ ಡಿಸ್ಕು ಚುಚ್ಚಬೇಡಿ, ಹಣ ಕೊಡಬೇಡಿ. ಯೂರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು 2016ರಲ್ಲಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಕೆಲವು ಬಗೆಗಳ ಬೀಗ ಬಿಡಿಸುವ ಉಚಿತ ಸಾಧನಗಳಿವೆ. ದೂರು ಕೊಡಲು 1930ಕ್ಕೆ ಕರೆ ಮಾಡಿ.

12. ಅಂಗಡಿಗೆ ಕೊಡುವಾಗ ಬಾಯಿಮಾತು ಸಾಲದು

"ವಿಂಡೋಸ್ ಕರಪ್ಟ್ ಆಗಿದೆ ಸಾರ್, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ಡಿ ಡ್ರೈವ್‌ಗೆ ಏನೂ ಆಗಲ್ಲ." ಈ ಮಾತಿಗೆ ತಲೆಯಾಡಿಸುವ ಮುನ್ನ ಒಂದು ನೆನಪಿರಲಿ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಗೇಮಿನ ಸೇವ್‌ಗಳು, ಎಲ್ಲವೂ ಇರುವುದು ಆ ಸಿ ಡ್ರೈವಿನಲ್ಲೇ. "ಡೇಟಾ ಅಳಿಸಕೂಡದು, ಮೊದಲು ನಕಲು" ಎಂದು ರಸೀತಿಯ ಮೇಲೆ ಬರೆಸಿಕೊಳ್ಳಿ. ಡಿಸ್ಕಿನ ಸೀರಿಯಲ್ ನಂಬರನ್ನು ಫೋಟೊ ತೆಗೆದಿಡಿ. ಮನೆಯವರ ಫೋಟೊ ಇರುವ ಡಿಸ್ಕನ್ನು ಪರಿಚಯವಿಲ್ಲದವರ ಬಳಿ ವಾರಗಟ್ಟಲೆ ಬಿಡಬೇಡಿ.

ಟಕ್ ಟಕ್ ಎನ್ನುವ ಡಿಸ್ಕಿಗೆ ಊರಿನ ಅಂಗಡಿಯಲ್ಲಿ ಮದ್ದಿಲ್ಲ, ಧೂಳಿಲ್ಲದ ಕೋಣೆಯಿರುವ ರಿಕವರಿ ಕೇಂದ್ರವೇ ಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಬಿಡಿ ಭಾಗಕ್ಕೆ ಅಲ್ಲಿನ ಎಸ್.ಪಿ. ರಸ್ತೆ ಸರಿ, ಇದಕ್ಕೆ ಅದಲ್ಲ. ಹಣ ಕೊಡುವ ಮುನ್ನ ಸಿಗುವ ಫೈಲುಗಳ ಪಟ್ಟಿ ತೋರಿಸುತ್ತಾರೆಯೇ, ಏನೂ ಸಿಗದಿದ್ದರೆ ಎಷ್ಟು ಶುಲ್ಕ ಎಂದು ಮೊದಲೇ ಕೇಳಿ. ವಾರಂಟಿಯಲ್ಲಿ ಹೊಸ ಡಿಸ್ಕು ಬರುತ್ತದೆ, ಹಳೆಯದನ್ನು ಅವರು ಇಟ್ಟುಕೊಳ್ಳುತ್ತಾರೆ. ವಾರಂಟಿ ಡಿಸ್ಕಿಗೆ ಮಾತ್ರ, ಒಳಗಿದ್ದುದಕ್ಕಲ್ಲ.

13. ಕರೆಂಟನ್ನು ಪಳಗಿಸಿ

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಆದರೆ ಆ ವಿದ್ಯುತ್ತು ಸೇರುವುದು ಹೈಟೆನ್ಷನ್ ಗ್ರಿಡ್‌ಗೆ. ನಿಮ್ಮ ಪ್ಲಗ್ಗಿನ ವೋಲ್ಟೇಜನ್ನು ತೀರ್ಮಾನಿಸುವುದು ಬೀದಿಯ ಟ್ರಾನ್ಸ್‌ಫಾರ್ಮರ್ (ಟಿಸಿ), ಅಲ್ಲಿಂದ ಮನೆಗೆ ಬರುವ ತಂತಿ, ಅದೇ ಸಾಲಿನಲ್ಲಿ ಒಟ್ಟಿಗೆ ಶುರುವಾಗುವ ಮೋಟಾರುಗಳು. ಮನೆಯೊಳಗೆ ಲೈಟು ಒಮ್ಮೆ ಮಂಕಾಗಿ ಬೆಳಗಿದ ಆ ಕ್ಷಣದಲ್ಲೇ ಎಸ್‌ಎಸ್‌ಡಿ ಏನಾದರೂ ಬರೆಯುತ್ತಿದ್ದರೆ ಅದರ ಕೋಷ್ಟಕ ಕೆಡಬಹುದು. ಮನೆ ಬಳಕೆಯ ಎಸ್‌ಎಸ್‌ಡಿಗಳಲ್ಲಿ ಹಠಾತ್ ಕರೆಂಟ್ ಹೋದರೆ ಕಾಪಾಡುವ ಕೆಪಾಸಿಟರುಗಳು ಸಾಮಾನ್ಯವಾಗಿ ಇರುವುದಿಲ್ಲ.

ಯುಪಿಎಸ್ ಕೊಳ್ಳುವಾಗ ವ್ಯಾಟ್ ನೋಡಿ. 600 ವಿಎ ಎಂದು ಬರೆದದ್ದು ಸುಮಾರು 360 ವ್ಯಾಟ್ ಮಾತ್ರ ಹೊರುತ್ತದೆ. 200 ವ್ಯಾಟಿನ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರು, ಮಾನಿಟರು ಸೇರಿದರೆ ಅದು ಕರೆಂಟು ಹೋದ ಕೂಡಲೇ ಕೈಚೆಲ್ಲಬಹುದು. ಅಂಥ ಕಂಪ್ಯೂಟರಿಗೆ 1,000 ವಿಎ ಮೇಲಿನದು ಬೇಕು. ಮನೆಯ ಇನ್ವರ್ಟರನ್ನೇ ನೆಚ್ಚಿಕೊಂಡಿದ್ದರೆ ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಕಡೆಗಿರಲಿ, ಆಗ ಅದು ಬ್ಯಾಟರಿಗೆ ಬೇಗ ಬದಲಾಗುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆಯುವುದು ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ಮಾತ್ರ. ಇನ್ವರ್ಟರು ಪ್ಯೂರ್ ಸೈನ್‌ವೇವ್‌ನದ್ದಾದರೆ ಒಳ್ಳೆಯದು.

ಅರ್ಥಿಂಗ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿ ಈ ಬರದ ಸೀಮೆಯಲ್ಲಿ ಮಾರ್ಚ್ ಹೊತ್ತಿಗೆ ಒಣಗಿ ಕಲ್ಲಾಗಿರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಿ, ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಅದೇ ಎಚ್ಚರಿಕೆ.

ಭರಣಿ, ಕೃತ್ತಿಕೆ ಮಳೆಯ ಗುಡುಗು ಸಿಡಿಲಿಗೂ ಅಕ್ಟೋಬರಿನ ಚಿತ್ತೆ, ಸ್ವಾತಿಗೂ ಸ್ಪೈಕ್ ಗಾರ್ಡ್ ಸಾಲದು. ಮೋಡ ಕಪ್ಪಾದ ಕೂಡಲೇ ಪ್ಲಗ್ ಕೀಳಿ, ಜೊತೆಗೆ ಇಂಟರ್‌ನೆಟ್ ಕೇಬಲ್ಲನ್ನೂ ಕೀಳಿ. ವೋಲ್ಟೇಜ್ ಏರಿಳಿತ ದಿನವೂ ಇದ್ದರೆ ಬೆಸ್ಕಾಂನ 1912ಕ್ಕೆ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೀದಿಯವರೆಲ್ಲ ಒಟ್ಟಿಗೆ ಕೊಟ್ಟರೆ ದೂರಿಗೆ ಬಲ ಬರುತ್ತದೆ.

14. ಮೂರು ಪ್ರತಿ, ಎರಡು ಜಾಗ, ತೆರೆದು ನೋಡಿದ ಖಾತ್ರಿ

ಸಿ ಡ್ರೈವಿನಿಂದ ಡಿ ಡ್ರೈವಿಗೆ ಹಾಕಿದ್ದು ಬ್ಯಾಕಪ್ ಅಲ್ಲ, ಹಲವು ಮನೆಗಳಲ್ಲಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಮನೆಯಿಂದ ಹೊರಗೆ ಇರಬೇಕು. ಗೂಗಲ್ ಖಾತೆಗೆ 15 ಜಿಬಿ ಉಚಿತ, ಒನ್‌ಡ್ರೈವ್‌ಗೆ 5 ಜಿಬಿ. ಅತಿ ಮುಖ್ಯವಾದ ಫೋಟೊ, ಪ್ರಾಜೆಕ್ಟುಗಳಿಗೆ ಅಷ್ಟು ಸಾಕು. ನೆಟ್ ನಿಧಾನವಿದ್ದರೆ ಎರಡನೆಯ ಡಿಸ್ಕನ್ನು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಚಿಕ್ಕಪ್ಪನ ಮನೆಯಲ್ಲಿಡಿ. ನಕಲು ಮುಗಿದ ಮೇಲೆ ಡಿಸ್ಕನ್ನು ಕಿತ್ತು ಒಳಗಿಡಿ. ಚುಚ್ಚಿಕೊಂಡೇ ಇರುವ ಬ್ಯಾಕಪ್ಪನ್ನು ಸಿಡಿಲೂ ರ‍್ಯಾನ್ಸಮ್‌ವೇರೂ ಒಟ್ಟಿಗೇ ತಿನ್ನುತ್ತವೆ.

ಕೆಲವು ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ಪೆನ್‌ಡ್ರೈವುಗಳು ನಕಲಿ. ಸ್ವಲ್ಪ ತುಂಬಿದ ಮೇಲೆ ಹೊಸದು ಹಳೆಯದರ ಮೇಲೇ ಬರೆದುಕೊಳ್ಳುತ್ತದೆ, ಹೆಸರುಗಳು ಕಾಣುತ್ತವೆ, ತೆರೆದರೆ ಏನೂ ಇರುವುದಿಲ್ಲ. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ.

ತೆರೆದು ನೋಡದ ಬ್ಯಾಕಪ್ಪನ್ನು ನಂಬಲೇಬೇಡಿ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಒಂದು ತಪ್ಪು ಆಜ್ಞೆಯಿಂದ ಟಾಯ್ ಸ್ಟೋರಿ 2 ಚಿತ್ರದ ಬಹುಪಾಲು ಅಳಿಸಿಹೋಯಿತು. ಬ್ಯಾಕಪ್ ತೆರೆದರೆ ಅದೂ ಕೆಲಸ ಮಾಡುತ್ತಿರಲಿಲ್ಲ. ಆಗಷ್ಟೇ ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದದ್ದರಿಂದ ಚಿತ್ರ ಉಳಿಯಿತು. ಅಷ್ಟು ದೊಡ್ಡ ಸಂಸ್ಥೆಗೇ ಆದದ್ದು ಮನೆಗೂ ಆದೀತು. ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕಿನಿಂದ ನಾಲ್ಕು ಫೋಟೊ, ಒಂದು ವಿಡಿಯೊ ತೆರೆದು ನೋಡಿ.

ಮನೆಯಲ್ಲಿ ಗೇಮ್ ಆಡುವ ಮಗ, ಮಗಳು ಇದ್ದರೆ ಈ ಕೆಲಸವನ್ನು ಅವರಿಗೇ ವಹಿಸಿ. ಆ ಕಂಪ್ಯೂಟರನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಹೊರಗಿನ ಹಾರ್ಡ್‌ಡಿಸ್ಕೊಂದನ್ನು ತಂದುಕೊಟ್ಟು, ಮುಂದಿನ ಗೇಮ್ ಇನ್‌ಸ್ಟಾಲ್ ಮಾಡುವ ಮುನ್ನ ಅಜ್ಜಿಯ ವಿಡಿಯೊ ಎರಡು ಕಡೆ ಇರಲಿ ಎಂದು ಹೇಳಿ.